ಮೊದಲು ಮೌಂಟಿಂಗ್, ಆಮೇಲೆ ಹೆಡರ್: ನಡುಗುವ ಹಳೆಯ ಸಿಟಿಗೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ 2002ರ ಹೋಂಡಾ ಸಿಟಿ 1.5 ವಿಟೆಕ್ ಇದೆ. ಅಪ್ಪ ಹೊಸದಾಗಿ ತಂದ ಕಾರು, 1,68,000 ಕಿ.ಮೀ. ಓಡಿದೆ. ಈಗ ನಾನು ಓಡಿಸುತ್ತೇನೆ. ಹಾಸನದಿಂದ ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇನೆ. ಆರು ತಿಂಗಳಿಂದ ಸಿಗ್ನಲ್‌ನಲ್ಲಿ ನಿಂತಾಗ ಸ್ಟಿಯರಿಂಗ್, ಸೀಟು ಎಲ್ಲ ನಡುಗುತ್ತವೆ. ಎ.ಸಿ. ಹಾಕಿದರೆ ಇನ್ನೂ ಜಾಸ್ತಿ. ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಮುಂದಿನಿಂದ ‘ಧಡ್’ ಅಂತ ಸದ್ದು ಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ‘ಟಿಕ್ ಟಿಕ್’ ಅನ್ನುತ್ತದೆ, ಐದು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ನಮ್ಮ ಮೆಕ್ಯಾನಿಕ್ ನೋಡಿ, ಇಂಜಿನ್ ಕೂರಿಸುವ ರಬ್ಬರ್ ಮೌಂಟಿಂಗ್ ಎಲ್ಲ ಹೋಗಿವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ ಅಂದರು. ಬೆಂಗಳೂರಿನ ಒಂದು ಟ್ಯೂನಿಂಗ್ ಅಂಗಡಿಯವರು, ಹೇಗೂ ಬಿಚ್ಚುತ್ತೀರಲ್ಲ, ಪಾಲಿಯೂರಿಥೇನ್ ಮೌಂಟಿಂಗ್ ಮತ್ತು 4-2-1 ಹೆಡರ್ (ಕಂಪನಿ ಮ್ಯಾನಿಫೋಲ್ಡ್ ಬದಲಿಗೆ ಹಾಕುವ ಪೈಪುಗಳ ಗುಂಪು) ಎರಡನ್ನೂ ಹಾಕಿಸಿಬಿಡಿ, 15 ಎಚ್‌ಪಿ ಜಾಸ್ತಿ ಸಿಗುತ್ತದೆ, ಮೌಂಟಿಂಗ್ ಕಾರು ಇರುವ ತನಕ ಬರುತ್ತದೆ ಅನ್ನುತ್ತಾರೆ. ಗೆಳೆಯರು, ಹೆಡರ್ ಹಾಕಿದರೆ ಬ್ಯಾಕ್ ಪ್ರೆಷರ್ (ಹೊಗೆಗೆ ಎದುರಾಗುವ ತಡೆ) ಹೋಗಿ ಪಿಕಪ್, ಮೈಲೇಜ್ ಎರಡೂ ಬೀಳುತ್ತವೆ ಅನ್ನುತ್ತಾರೆ. ಅಪ್ಪನದು ಒಂದೇ ಮಾತು: ಕಂಪನಿ ಪಾರ್ಟ್ಸ್ ಬಿಟ್ಟು ಬೇರೆ ಮುಟ್ಟಬೇಡ. ಯಾರ ಮಾತು ಸರಿ? ಎರಡೂ ಕೆಲಸ ಒಟ್ಟಿಗೆ ಮಾಡಿಸಬಹುದಾ?

ಉತ್ತರ: ಬೆಳಗಿನ ಆ ಟಿಕ್ ಟಿಕ್ ಸದ್ದಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ತಡಮಾಡಬಾರದ ವಿಷಯ ಅದು.

ಮ್ಯಾನಿಫೋಲ್ಡ್ ಅಂದರೆ ನಾಲ್ಕೂ ಸಿಲಿಂಡರಿನ ಹೊಗೆಯನ್ನು ಒಂದು ಪೈಪಿಗೆ ಕೂಡಿಸುವ ಕಬ್ಬಿಣದ ಭಾಗ. ಅದು ತಣ್ಣಗಿದ್ದಾಗ ಬಿರುಕು ತೆರೆದಿರುತ್ತದೆ. ಪ್ರತಿ ಸಲ ಹೊಗೆ ಹೊರಗೆ ಚಿಮ್ಮಿದಾಗ ಟಿಕ್ ಅನ್ನುತ್ತದೆ. ಬಿಸಿಯಾದ ಮೇಲೆ ಲೋಹ ಹಿಗ್ಗಿ ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಸದ್ದು ನಿಂತಿತು ಅಂದರೆ ಸೋರಿಕೆ ಪೂರ್ತಿ ನಿಂತಿತು ಅಂತ ಅಲ್ಲ. ನಿಮ್ಮ ಕಾರಿನಲ್ಲಿ ಮ್ಯಾನಿಫೋಲ್ಡ್ ಇರುವುದು ಇಂಜಿನ್ನಿನ ಮುಂಭಾಗದಲ್ಲಿ, ರೇಡಿಯೇಟರ್ ಪಕ್ಕ. ಅಲ್ಲಿ ಸೋರಿದ ಹೊಗೆ ಗಾಳಿಯ ಜೊತೆ ಇಂಜಿನ್ ಮೇಲೆ ಹಾದು ಹಿಂದಕ್ಕೆ ಬರುತ್ತದೆ. ವೈಪರ್ ಹತ್ತಿರ ಕ್ಯಾಬಿನ್ನಿಗೆ ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿ ಇದೆಯಲ್ಲ, ಅಲ್ಲಿಂದ ಒಳಗೆ ಸೇರುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಳೆಗಾಲದಲ್ಲಿ ಗಾಜು ಏರಿಸಿಕೊಂಡು ಘಾಟಿಯಲ್ಲಿ ಲಾರಿಗಳ ಹಿಂದೆ ಗಂಟೆಗಟ್ಟಲೆ ನಿಲ್ಲುವವರಿಗೆ ಇದು ನಿಜವಾದ ಅಪಾಯ. ತಲೆ ಭಾರ, ತೂಕಡಿಕೆ, ವಾಕರಿಕೆ ಬಂದರೆ ಸುಸ್ತು ಅಂದುಕೊಳ್ಳಬೇಡಿ. ಗಾಡಿ ಪಕ್ಕಕ್ಕೆ ಹಾಕಿ ಕೂಡಲೇ ಕೆಳಗಿಳಿಯಿರಿ. ಬಿರುಕು ಸರಿಯಾಗುವ ತನಕ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬನ್ನಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನನ್ನ ಮಗನೇ ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಮೌಂಟಿಂಗ್ ಒಂದು ಕೆಲಸ, ಎಕ್ಸಾಸ್ಟ್ ಇನ್ನೊಂದು ಕೆಲಸ ಅಂತ ಎಲ್ಲರೂ ನಿಮಗೆ ಹೇಳಿದ್ದಾರೆ. ನನ್ನ ಅನುಭವದಲ್ಲಿ ಇವೆರಡೂ ಒಂದೇ ಕಾಯಿಲೆಯ ಎರಡು ಮುಖ. ಮೌಂಟಿಂಗ್ ಹೋಗಿದ್ದರಿಂದಲೇ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿರುವ ಸಾಧ್ಯತೆ ಬಹಳ ಜಾಸ್ತಿ.

ಅದು ಹೇಗೆ ಅಂತ ನೋಡಿ. ನಿಮ್ಮ ಕಾರಿನಲ್ಲಿ ಇಂಜಿನ್, ಗೇರ್‌ಬಾಕ್ಸ್, ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಮೂರೂ ಒಂದೇ ಗಂಟಾಗಿ ಅಡ್ಡಡ್ಡ ಕೂತಿವೆ. ಆ ಗಂಟು ಬಾಡಿಗೆ ನೇರವಾಗಿ ತಾಗುವುದಿಲ್ಲ. ರಬ್ಬರ್ ಇರುವ ನಾಲ್ಕೈದು ಮೌಂಟಿಂಗ್‌ಗಳ ಮೇಲೆ ಕೂತಿರುತ್ತದೆ. ಬರೀ ಭಾರ ಹೊರುವುದಷ್ಟೇ ಅವುಗಳ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಭಾರ ಹೊರುವುದು ಸುಲಭದ ಪಾಲು. ಕಷ್ಟ ಇರುವುದು ತಿರುಚುವ ಬಲವನ್ನು ತಡೆಯುವುದರಲ್ಲಿ. ಈ ಇಂಜಿನ್ ಕೊಡುವ ತಿರುಚುವ ಬಲ, ಅಂದರೆ ಟಾರ್ಕ್, ಸುಮಾರು 130 ನ್ಯೂಟನ್ ಮೀಟರ್. ಆದರೆ ಮೊದಲ ಗೇರು ಮತ್ತು ಡಿಫರೆನ್ಷಿಯಲ್ ಸೇರಿ ಇದನ್ನು 12–13 ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತವೆ. ಅಂದರೆ 1,600ರ ಹತ್ತಿರ. ಚಕ್ರವನ್ನು ಮುಂದಕ್ಕೆ ತಿರುಗಿಸುವ ಅಷ್ಟೇ ಬಲ ಇಂಜಿನ್ ಗಂಟನ್ನು ಹಿಂದಕ್ಕೆ ಉರುಳಿಸಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಈ ರಬ್ಬರ್ ತುಂಡುಗಳು. ಮುಂದೆ ಹೋಗುವಾಗ ಇಂಜಿನ್ ತಲೆ ಹಿಂದಕ್ಕೆ ವಾಲುತ್ತದೆ. ರಿವರ್ಸ್‌ನಲ್ಲಿ ಮುಂದಕ್ಕೆ ವಾಲುತ್ತದೆ. ರಬ್ಬರ್ ಹರಿದಿದ್ದರೆ ನಡುವಿನ ಲೋಹ ಹೋಗಿ ಹೊರಗಿನ ಲೋಹಕ್ಕೆ ಬಡಿಯುತ್ತದೆ. ನೀವು ಕೇಳಿದ ‘ಧಡ್’ ಅದೇ ಇರಬೇಕು.

ಸೈಲೆನ್ಸರ್ ಪೈಪಿನ ಕಡೆಯಿಂದ ಯೋಚಿಸಿ. ಅದರ ಒಂದು ತುದಿ ಇಂಜಿನ್ನಿಗೆ ಬೋಲ್ಟ್ ಆಗಿದೆ. ಇನ್ನೊಂದು ತುದಿ ಬಾಡಿಗೆ ರಬ್ಬರ್ ಹ್ಯಾಂಗರ್‌ನಲ್ಲಿ ನೇತಾಡುತ್ತಿದೆ. ಇಂಜಿನ್ ಸ್ವಲ್ಪ ವಾಲುವುದನ್ನು ಸಹಿಸಲು ನಡುವೆ ಸ್ಪ್ರಿಂಗ್ ಬೋಲ್ಟಿನ ಜಾಯಿಂಟೋ ಫ್ಲೆಕ್ಸಿಬಲ್ ಪೈಪೋ ಇರುತ್ತದೆ. ಅದು ಸಹಿಸುವುದು ಸ್ವಲ್ಪವೇ. ಮೌಂಟಿಂಗ್ ಸತ್ತ ಮೇಲೆ ಇಂಜಿನ್ ಅದಕ್ಕಿಂತ ಜಾಸ್ತಿ ವಾಲುತ್ತದೆ. ಪ್ರತಿ ಗೇರ್ ಬದಲಾವಣೆಗೂ ಮ್ಯಾನಿಫೋಲ್ಡ್‌ನ ಕತ್ತು ಹಿಡಿದು ಎಳೆದ ಹಾಗೆ. ಬೀಡು ಕಬ್ಬಿಣ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಕಾದು ಕೆಂಪಾದ ಅದರ ಮೇಲೆ ರಸ್ತೆಯ ನೀರು ಎರಚಿದರೆ ಕೇಳುವುದೇ ಬೇಡ.

ಹೀಗಿರುವಾಗ ಮೌಂಟಿಂಗ್ ಹಾಗೇ ಬಿಟ್ಟು ಹೊಸ ಮ್ಯಾನಿಫೋಲ್ಡ್ ಹಾಕಿದರೆ ಅದೂ ಬಿರುಕು ಬಿಡುತ್ತದೆ. ಹೆಡರ್ ಹಾಕಿದರಂತೂ ಇನ್ನೂ ಬೇಗ. ಮೈಸೂರಿನಲ್ಲಿ 26 ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಒಬ್ಬರು ಹೊರಗೆ ಹೆಡರ್ ಹಾಕಿಸಿಕೊಂಡು, ಪೈಪುಗಳು ಕೂಡುವ ಜಾಗದಲ್ಲಿ ಬಿರುಕು ಬಿಟ್ಟಿದೆ ಅಂತ ನನ್ನ ಹತ್ತಿರ ಬಂದರು. ವೆಲ್ಡ್ ಮಾಡಿಕೊಟ್ಟೆ. ಎರಡು ತಿಂಗಳಿಗೆ ಅದೇ ಜಾಗ ಮತ್ತೆ ಬಿಟ್ಟಿತು. ಎರಡನೇ ಸಲ ಬಾನೆಟ್ ತೆಗೆದು ಇಂಜಿನ್ ಅಲ್ಲಾಡುವುದನ್ನು ನೋಡಿದೆ. ಮೊದಲ ಸಲವೇ ನೋಡಬೇಕಿತ್ತು, ಅದು ನನ್ನ ತಪ್ಪು. ಮೌಂಟಿಂಗ್ ಬದಲಿಸಿ ಅದೇ ಹೆಡರನ್ನು ಮತ್ತೆ ವೆಲ್ಡ್ ಮಾಡಿದೆ. ಆಮೇಲೆ ಅದು ಬಿಡಲಿಲ್ಲ.

ನಡುಕಕ್ಕೆಲ್ಲ ಮೌಂಟಿಂಗ್ ಕಾರಣ ಅಲ್ಲ

ನಿಮ್ಮ ಮೆಕ್ಯಾನಿಕ್ ಮಾತನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೂ ದುಡ್ಡು ಹಾಕುವ ಮುಂಚೆ ಒಂದು ಗಂಟೆ ಪರೀಕ್ಷೆಗೆ ಕೊಡಿ.

ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸಲ ಫೈರ್ ಆಗುತ್ತದೆ. ಮೌಂಟಿಂಗ್ ಹಾಳಾದ ಕಾರಿನಲ್ಲಿ ಈ ನಡುಕ ಒಂದೇ ಸಮ ಇರುತ್ತದೆ, ‘ಗರ್‌ರ್’ ಅಂತ. ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ತೊಂದರೆಯಿಂದ ಒಂದು ಸಿಲಿಂಡರ್ ಆಗಾಗ ಮಿಸ್ ಹೊಡೆಯುತ್ತಿದ್ದರೆ ನಡುಕಕ್ಕೆ ತಾಳ ಇರುವುದಿಲ್ಲ, ನಡುನಡುವೆ ಜರ್ಕ್ ಹೊಡೆಯುತ್ತದೆ. ಎ.ಸಿ. ಹಾಕಿದಾಗ ಆರ್‌ಪಿಎಂ ಮುಳ್ಳನ್ನು ನೋಡಿ. ಅದು ಸ್ವಲ್ಪ ಏರಬೇಕು, ಇಲ್ಲವೇ ಅಲ್ಲೇ ನಿಲ್ಲಬೇಕು. ಕೆಳಗೆ ಬಿದ್ದರೆ ಇಂಜಿನ್ನಿಗೆ ಗಾಳಿ ಬಿಡುವ ಐಡ್ಲಿಂಗ್ ವಾಲ್ವ್ ಅಥವಾ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು. ಅದನ್ನು ಕ್ಲೀನ್ ಮಾಡಿಸುವುದು ಮೌಂಟಿಂಗ್ ಖರ್ಚಿನ ಮುಂದೆ ಏನೂ ಅಲ್ಲ. ನಿಮ್ಮ ಕಾರಿನಲ್ಲಿ ಎರಡೂ ಇರಬಹುದು, ಹಳೆಯ ಹೋಂಡಾಗಳಲ್ಲಿ ಇದು ಮಾಮೂಲಿ.

ಆಮೇಲೆ ಅಲ್ಲಾಡಿಸುವ ಪರೀಕ್ಷೆ. ಬಾನೆಟ್ ತೆರೆದು ಒಬ್ಬರು ಒಳಗೆ ಕೂರಲಿ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿರಲಿ. ಒಂದನೇ ಗೇರ್ ಹಾಕಿ, ಕಾರು ಇನ್ನೇನು ಹೊರಡಬೇಕು ಅನ್ನುವಷ್ಟು ಮಾತ್ರ ಕ್ಲಚ್ ಬಿಟ್ಟು, ಕೂಡಲೇ ಒತ್ತಲಿ. ಆಮೇಲೆ ರಿವರ್ಸ್‌ನಲ್ಲಿ ಹಾಗೇ. ನೋಡುವವರು ಕಾರಿನ ಪಕ್ಕದಲ್ಲಿ ನಿಲ್ಲಬೇಕು. ಮುಂದೆಯೂ ಬೇಡ, ಹಿಂದೆಯೂ ಬೇಡ. ಇಂಜಿನ್ ಒಂದೆರಡು ಸೆಂಟಿಮೀಟರ್ ಅಲ್ಲಾಡುವುದು ಸಹಜ. ಎದ್ದು ಬಿದ್ದ ಹಾಗೆ ಕಂಡರೆ, ಕೊನೆಯಲ್ಲಿ ಬಡಿದ ಸದ್ದು ಬಂದರೆ, ಮೌಂಟಿಂಗ್ ಹೋಗಿದೆ. ಟಾರ್ಚ್ ಹಿಡಿದು ರಬ್ಬರ್ ನೋಡಿ. ಮೇಲ್ಮೈಯಲ್ಲಿ ಕೂದಲೆಳೆಯಂಥ ಗೀರುಗಳಿದ್ದರೆ ಚಿಂತೆ ಇಲ್ಲ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ, ನಡುವಿನ ಲೋಹ ಒಂದು ಕಡೆ ಕುಸಿದು ಕೂತಿದ್ದರೆ, ಇಂಜಿನ್ ಆಯಿಲ್ ತಾಗಿ ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಅದು ಮುಗಿದಂತೆ. ಆಯಿಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಇಲ್ಲದಿದ್ದರೆ ಹೊಸ ರಬ್ಬರಿಗೂ ಅದೇ ಗತಿ.

ಪಾಲಿಯೂರಿಥೇನ್ ವಿಷಯ

‘ಕಾರು ಇರುವ ತನಕ ಬರುತ್ತೆ’ ಅನ್ನುವ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಪಾಲಿಯೂರಿಥೇನ್ ಗಟ್ಟಿ ವಸ್ತು, ಆಯಿಲ್ ತಾಗಿದರೂ ಬೇಗ ಹಾಳಾಗುವುದಿಲ್ಲ. ಗಟ್ಟಿಯಾಗಿರುವುದೇ ಅದರ ತೊಂದರೆಯೂ ಹೌದು. ಇಂಜಿನ್ ನಡುಕವನ್ನು ನುಂಗುವುದು ರಬ್ಬರಿನ ಮೆತ್ತಗಿನ ಗುಣ. ಸೆಕೆಂಡಿಗೆ 25 ಸಲದ ಆ ನಡುಕವನ್ನು ಪಾಲಿಯೂರಿಥೇನ್ ಹೆಚ್ಚುಕಡಿಮೆ ಹಾಗೇ ಬಾಡಿಗೆ ದಾಟಿಸುತ್ತದೆ. ನಡುಕ ಹೋಗಲಿ ಅಂತ ನೀವು ಬರೆದಿದ್ದೀರಿ. ಅದನ್ನು ಹಾಕಿಸಿದರೆ ಹೊಸ ನಡುಕಕ್ಕೆ ದುಡ್ಡು ಕೊಟ್ಟ ಹಾಗಾಗುತ್ತದೆ. ಡ್ಯಾಶ್‌ಬೋರ್ಡ್ ಕಟಕಟ ಶುರುವಾಗುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಕಲಸಿಹೋದ ಹಾಗೆ ಕಾಣುತ್ತದೆ. ಎ.ಸಿ. ಪೈಪು, ಬ್ರಾಕೆಟ್ ವೆಲ್ಡಿಂಗ್‌ಗಳ ಆಯಸ್ಸು ಕಡಿಮೆಯಾಗುತ್ತದೆ. ಟ್ರ್ಯಾಕ್‌ನಲ್ಲಿ ಓಡಿಸುವವರು ಇದನ್ನೆಲ್ಲ ಒಪ್ಪಿಕೊಂಡೇ ಹಾಕಿಸುತ್ತಾರೆ. ಅವರಿಗೆ ಗೇರ್ ಕರಾರುವಾಕ್ಕಾಗಿ ಬೀಳುವುದು ಮುಖ್ಯ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಂಗಳೂರಿಗೆ ಹೋಗುವ ಕಾರಿಗೆ ಅದು ಬೇಡ.

ಸ್ವಲ್ಪ ಬಿಗಿ ಬೇಕೇ ಬೇಕು ಅನ್ನುವವರಿಗೆ ನಾನು ಒಂದು ನಡುದಾರಿ ಹೇಳುತ್ತೇನೆ. ಭಾರ ಹೊರುವ ಎರಡು ಪಕ್ಕದ ಮೌಂಟಿಂಗ್‌ಗಳು ಕಂಪನಿಯ ರಬ್ಬರಿನವೇ ಇರಲಿ. ಇಂಜಿನ್ ಹಿಂದೆ ಮುಂದೆ ವಾಲುವುದನ್ನು ತಡೆಯುವ ಮೌಂಟಿಂಗ್ ಒಂದನ್ನು ಮಾತ್ರ ಸ್ವಲ್ಪ ಗಟ್ಟಿಯದು ಹಾಕಿ. ನಡುಕ ತುಸು ಏರುತ್ತದೆ, ಸಹಿಸಬಹುದು.

ಈ ತಲೆಮಾರಿನ ಸಿಟಿ 1998ರಲ್ಲಿ ಭಾರತಕ್ಕೆ ಬಂದು 2003ಕ್ಕೆ ನಿಂತಿತು. ಹಾಗಾಗಿ ಕಂಪನಿಯ ಮೌಂಟಿಂಗ್ ಹುಡುಕುವುದು ತಾಳ್ಮೆಯ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕುವಾಗ ಒಂದು ಎಚ್ಚರ. ಡಬ್ಬಿ ಅಸಲಿಯೇ ಇದ್ದರೂ ಒಳಗಿನ ರಬ್ಬರ್ ಹದಿನೈದು ವರ್ಷ ಕಪಾಟಿನಲ್ಲೇ ಕೂತು ಕಲ್ಲಾಗಿರಬಹುದು. ಉಗುರಿನಿಂದ ಒತ್ತಿ ನೋಡಿ. ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರಬೇಕು. ಒಳ್ಳೆಯ ಹೆಸರಿರುವ ಬೇರೆ ತಯಾರಕರ ಹೊಸ ಮೌಂಟಿಂಗ್, ಹಳಸಿದ ಅಸಲಿಗಿಂತ ಮೇಲು. ಗುಜರಿಯ ಮೌಂಟಿಂಗ್ ಬೇಡ, ಅದೂ ನಿಮ್ಮದರಷ್ಟೇ ಹಳೆಯದು. ಹಳೆಯ ಲೋಹಕ್ಕೆ ಹೊಸ ರಬ್ಬರ್ ಎರೆದು ಕೊಡುವವರೂ ಇದ್ದಾರೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು. ರಬ್ಬರ್ ಎಷ್ಟು ಗಟ್ಟಿ ಇರಬೇಕು ಅನ್ನುವ ಲೆಕ್ಕ ಅಲ್ಲಿ ಸಾಮಾನ್ಯವಾಗಿ ತಪ್ಪುತ್ತದೆ.

ಒಂದೇ ಮೌಂಟಿಂಗ್ ಬದಲಿಸಿದರೆ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಸತ್ತಾಗ ಅದರ ಪಾಲಿನ ಹೊರೆ ಉಳಿದವುಗಳ ಮೇಲೆ ಬಿದ್ದಿರುತ್ತದೆ. ಎಲ್ಲವೂ ಒಂದೇ ದಿನ ಹುಟ್ಟಿದವು. ದುಡ್ಡು ಇದ್ದರೆ ಪೂರ್ತಿ ಸೆಟ್ ಬದಲಿಸಿ.

ಮೌಂಟಿಂಗ್ ಹಾಕುವ ರೀತಿ

ಹೊಸ ಮೌಂಟಿಂಗ್ ಹಾಕಿದ ಮೇಲೂ ನಡುಕ ಹೋಗಲಿಲ್ಲ ಅಂತ ಬರುವ ಕಾರುಗಳಲ್ಲಿ ಬಹಳ ಸಲ ಮಾಲು ಸರಿಯೇ ಇರುತ್ತದೆ, ಹಾಕಿದ ರೀತಿ ತಪ್ಪಿರುತ್ತದೆ. ಹಾಗಾಗಿ ನಿಮ್ಮ ಮೆಕ್ಯಾನಿಕ್ ಜೊತೆ ಇದನ್ನು ಮೊದಲೇ ಮಾತಾಡಿ. ಬೇಸರ ಮಾಡಿಕೊಳ್ಳುವುದಿಲ್ಲ, ಕೆಲಸ ಬಲ್ಲವರಿಗೆ ಇಂಥ ಪ್ರಶ್ನೆ ಇಷ್ಟವಾಗುತ್ತದೆ.

ಇಂಜಿನ್ನನ್ನು ಮೇಲಿನಿಂದ ಸರಪಳಿ ಹಾಕಿ ಹಿಡಿದರೆ ಅತ್ಯುತ್ತಮ. ಕೆಳಗಿನಿಂದ ಜಾಕ್ ಕೊಡುವುದಾದರೆ ಅಗಲವಾದ ಮರದ ಹಲಗೆ ಇಟ್ಟು ಕೊಡಬೇಕು. ಆಯಿಲ್ ಚೇಂಬರಿಗೆ ನೇರವಾಗಿ ಜಾಕ್ ಕೊಟ್ಟರೆ ತಗಡು ಒಳಗೆ ನುಗ್ಗಿ, ಆಯಿಲ್ ಎಳೆಯುವ ಪೈಪಿನ ಬಾಯಿಗೆ ಅಡ್ಡ ಬರುತ್ತದೆ. ಆಮೇಲೆ ಇಂಜಿನ್ನೇ ಹೋಗಬಹುದು. ಕಾರಿನ ಕೆಳಗೆ ಹೋಗುವವರು ಸ್ಟ್ಯಾಂಡ್ ಇಲ್ಲದೆ ಹೋಗಬಾರದು. ಜಾಕ್ ಒಂದನ್ನೇ, ಇಟ್ಟಿಗೆ ಕಲ್ಲುಗಳನ್ನೇ ನಂಬಿ ಹೋಗಬಾರದು.

ಎಲ್ಲ ಮೌಂಟಿಂಗ್ ಒಟ್ಟಿಗೆ ಬಿಚ್ಚಬಾರದು. ಒಂದೊಂದೇ ಬದಲಿಸುತ್ತಾ ಹೋಗಬೇಕು, ಬೋಲ್ಟುಗಳನ್ನು ಕೈಬಿಗಿಯಲ್ಲಷ್ಟೇ ಬಿಡಬೇಕು. ಎಲ್ಲವೂ ಕೂತ ಮೇಲೆ ಜಾಕ್ ಇಳಿಸಿ, ಇಂಜಿನ್ ತನ್ನ ಭಾರದಲ್ಲಿ ತಾನೇ ಕೂರಲಿ. ಕೈಯಿಂದ ಅಲ್ಲಾಡಿಸಿ. ಆಮೇಲೆ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಸರದಿಯಲ್ಲಿ, ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಬೋಲ್ಟ್ ತೂತಿಗೆ ಕೂಡುತ್ತಿಲ್ಲ ಅಂತ ಕಬ್ಬಿಣದ ಸಲಾಕೆಯಿಂದ ಮೀಟಿ ಬಿಗಿದರೆ, ಹೊಸ ರಬ್ಬರ್ ಮೊದಲ ದಿನದಿಂದಲೇ ತಿರುಚಿಕೊಂಡು ಕೂರುತ್ತದೆ. ನಡುಕವೂ ಹೋಗುವುದಿಲ್ಲ, ಬಾಳಿಕೆಯೂ ಬರುವುದಿಲ್ಲ. ಅದೇ ಹೊತ್ತಿಗೆ ಸೈಲೆನ್ಸರ್‌ನ ಮುಂದಿನ ಜಾಯಿಂಟ್ ಸಡಿಲ ಬಿಟ್ಟಿರಬೇಕು. ಇಂಜಿನ್ ಕೂತ ಮೇಲೆ ಅದನ್ನು ಕೊನೆಗೆ ಬಿಗಿಯಬೇಕು. ಇಲ್ಲದಿದ್ದರೆ ಪೈಪೇ ಇಂಜಿನ್ನನ್ನು ಒಂದು ಕಡೆಗೆ ಎಳೆದು ಹಿಡಿಯುತ್ತದೆ.

ಇನ್ನೊಂದು ಸಣ್ಣ ವಿಷಯ. ರಬ್ಬರ್ ಇರುವುದರಿಂದ ಇಂಜಿನ್ನಿಗೂ ಬಾಡಿಗೂ ಕರೆಂಟಿನ ಸಂಪರ್ಕ ಇರುವುದಿಲ್ಲ. ಅದಕ್ಕಾಗಿಯೇ ದಪ್ಪ ಅರ್ಥ್ ವೈರ್ ಕೊಟ್ಟಿರುತ್ತಾರೆ. ಮೌಂಟಿಂಗ್ ಬಿಚ್ಚುವಾಗ ಅದನ್ನೂ ಬಿಚ್ಚಬೇಕಾಗಿ ಬರುತ್ತದೆ, ಆಮೇಲೆ ಹಾಕಲು ಮರೆಯುತ್ತಾರೆ. ಕಾರು ಸ್ಟಾರ್ಟ್ ಆಗದೆ, ಸ್ಟಾರ್ಟರ್ ಹೋಯಿತು ಅಂತ ಸುಮ್ನೆ ಅದನ್ನೂ ಬಿಚ್ಚಿ ನೋಡಿದ ಗಾಡಿಗಳು ನನ್ನ ಹತ್ತಿರ ಬಂದಿವೆ.

ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಆಡಿಸುವ ಟೈಮಿಂಗ್ ಬೆಲ್ಟ್ ಬದಲಿಸಿ ಎಷ್ಟು ದಿನವಾಯಿತು? ನಿಮ್ಮ ಪತ್ರದಲ್ಲಿ ಅದಿಲ್ಲ. ಈ ಇಂಜಿನ್ನಿನಲ್ಲಿ ಬೆಲ್ಟ್ ಬದಲಿಸಬೇಕಾದರೆ ಆ ಪಕ್ಕದ ಮೌಂಟಿಂಗ್ ಬಿಚ್ಚಲೇಬೇಕು. ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಕೂಲಿ ಉಳಿಸಲು ಎರಡು ಕೆಲಸ ಒಟ್ಟಿಗೆ ಮಾಡಿಸುವ ಆಸೆ ಇದ್ದರೆ, ಮೌಂಟಿಂಗ್ ಜೊತೆ ಮಾಡಿಸಬೇಕಾದ ಕೆಲಸ ಇದು: ಬೆಲ್ಟ್, ಟೆನ್ಷನರ್, ವಾಟರ್ ಪಂಪ್.

ಹೆಡರ್: ಏನು ಕೊಡುತ್ತದೆ, ಏನು ಕೇಳುತ್ತದೆ

ನಿಮ್ಮ ಗೆಳೆಯರು ಹೇಳಿದ ಬ್ಯಾಕ್ ಪ್ರೆಷರ್ ಕಥೆಯನ್ನು ನಾನು ಗ್ಯಾರೇಜಿಗೆ ಸೇರಿದ ದಿನದಿಂದ ಕೇಳುತ್ತಿದ್ದೇನೆ. ಯಾವ ಇಂಜಿನ್ನಿಗೂ ಹೊಗೆ ಹೊರಹೋಗಲು ತಡೆ ಬೇಕಾಗಿಲ್ಲ. ಬೇಕಾಗಿರುವುದು ವೇಗ. ಸಿಲಿಂಡರಿನಿಂದ ಹೊಗೆ ಒಂದೇ ಸಮ ಹರಿಯುವುದಿಲ್ಲ, ತುಂಡು ತುಂಡಾಗಿ ನುಗ್ಗುತ್ತದೆ. ವೇಗವಾಗಿ ನುಗ್ಗಿದ ತುಂಡು ತನ್ನ ಬೆನ್ನ ಹಿಂದೆ ಒತ್ತಡ ಕಡಿಮೆ ಮಾಡುತ್ತದೆ, ಆ ಸೆಳೆತ ಉಳಿದ ಹೊಗೆಯನ್ನೂ ಹೊರಗೆ ಎಳೆಯುತ್ತದೆ. ಪೈಪು ಬೇಕಾದ್ದಕ್ಕಿಂತ ದಪ್ಪ ಇದ್ದರೆ ಹೊಗೆ ನಿಧಾನವಾಗುತ್ತದೆ, ಸೆಳೆತ ಹೋಗುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಬೀಳುತ್ತದೆ. ಇದನ್ನು ಕಂಡವರು ಬ್ಯಾಕ್ ಪ್ರೆಷರ್ ಹೋಯಿತು ಅಂದರು. ಅವರು ಕಂಡದ್ದು ನಿಜ, ಕೊಟ್ಟ ಕಾರಣ ಮಾತ್ರ ತಪ್ಪು.

4-2-1 ಅಂದರೆ ನಾಲ್ಕು ಪೈಪು ಎರಡಾಗಿ, ಎರಡು ಒಂದಾಗುವುದು. ನಿಮ್ಮ ಇಂಜಿನ್ ಫೈರ್ ಆಗುವ ಸರದಿ 1-3-4-2. 1 ಮತ್ತು 4 ಒಂದು ಪೂರ್ತಿ ಸುತ್ತಿನ ಅಂತರದಲ್ಲಿ ಫೈರ್ ಆಗುತ್ತವೆ, 2 ಮತ್ತು 3 ಕೂಡ ಹಾಗೇ. ಈ ಜೋಡಿಗಳನ್ನು ಮೊದಲು ಕೂಡಿಸಿದರೆ ಒಂದರ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುವುದು ಕಡಿಮೆಯಾಗುತ್ತದೆ. ಇದರ ಲಾಭ ನಡುವಿನ ಆರ್‌ಪಿಎಂನಲ್ಲಿ ಕಾಣುತ್ತದೆ, ರಸ್ತೆಯ ಕಾರಿಗೆ ಬೇಕಾದದ್ದು ಅದೇ. ನಾಲ್ಕೂ ಒಮ್ಮೆಲೇ ಕೂಡುವ 4-1 ತುದಿಯ ಆರ್‌ಪಿಎಂಗೆ ಒಳ್ಳೆಯದು. ಆ ಮಟ್ಟಿಗೆ ಅಂಗಡಿಯವರು ಸರಿಯಾದದ್ದನ್ನೇ ಹೇಳಿದ್ದಾರೆ.

ಆದರೆ 15 ಎಚ್‌ಪಿ ಮಾತನ್ನು ನಂಬಬೇಡಿ. ನಿಮ್ಮ ಇಂಜಿನ್ 106 ಎಚ್‌ಪಿಯದು. ಅದರ 14 ಶೇಕಡಾ ಬರೀ ಪೈಪು ಬದಲಿಸಿದ್ದಕ್ಕೆ ಬರುವುದಿಲ್ಲ. ಉಳಿದದ್ದೆಲ್ಲ ಕಂಪನಿಯದೇ ಇದ್ದರೆ, ಒಳ್ಳೆಯ ಹೆಡರ್‌ನಿಂದ 3ರಿಂದ 5 ಎಚ್‌ಪಿ ಬಂದರೆ ಖುಷಿಪಡಿ. 1,68,000 ಕಿ.ಮೀ. ಓಡಿದ ಇಂಜಿನ್ನಿನಲ್ಲಿ ವಾಲ್ವ್ ಕ್ಲಿಯರೆನ್ಸ್, ಪ್ಲಗ್, ಇಗ್ನಿಷನ್ ಟೈಮಿಂಗ್ ಸರಿಮಾಡಿದರೆ ಅಷ್ಟೇ ವ್ಯತ್ಯಾಸ ಕಾಣಬಹುದು. ಅಂಗಡಿಯವರು ಗಟ್ಟಿಯಾಗಿ ವಾದಿಸಿದರೆ, ಒಂದೇ ದಿನ ಹೆಡರ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಅಳೆದು ತೋರಿಸಿ ಅನ್ನಿ.

ಹೆಡರ್ ಕೇಳುವ ಬೆಲೆ ಅದರ ಬಿಲ್ಲಿನಲ್ಲಿ ಇರುವುದಿಲ್ಲ. ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ದಪ್ಪ, ಸದ್ದು ನುಂಗುತ್ತದೆ. ಹೆಡರ್ ಒಂದೂವರೆ, ಎರಡು ಮಿಲಿಮೀಟರಿನ ತೆಳು ಪೈಪು. ಅದು ಸದ್ದು ಮಾಡುತ್ತದೆ, ಬಿಸಿಯನ್ನು ಬಾನೆಟ್ ಒಳಗೇ ಚೆಲ್ಲುತ್ತದೆ. ನಿಮ್ಮ ಕಾರಿನಲ್ಲಿ ಅದರ ಎದುರಿಗೇ ರೇಡಿಯೇಟರ್ ಫ್ಯಾನ್ ಇದೆ. ಪ್ಲಾಸ್ಟಿಕ್, ವೈರಿಂಗ್, ಹೋಸ್ ಯಾವುದಕ್ಕೂ ತಾಗದಷ್ಟು ಜಾಗ ಬೇಕು. ಇಂಜಿನ್ ವಾಲಿದಾಗಲೂ ಆ ಜಾಗ ಉಳಿದಿರಬೇಕು. ಸತ್ತ ಮೌಂಟಿಂಗ್ ಮೇಲೆ ಕೂತ ಇಂಜಿನ್ನಿಗೆ ಅಳತೆ ತೆಗೆದು ಹೆಡರ್ ಕೂರಿಸಿದರೆ, ಮೌಂಟಿಂಗ್ ಬದಲಿಸಿದ ದಿನ ಎಲ್ಲ ಅಳತೆಯೂ ತಪ್ಪುತ್ತದೆ. ಆದ್ದರಿಂದ ಮೌಂಟಿಂಗ್ ಮೊದಲು, ಹೆಡರ್ ಆಮೇಲೆ.

ಹಿಗ್ಗುವ ಲೆಕ್ಕವನ್ನೂ ನೋಡಿ. 60 ಸೆಂ.ಮೀ. ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಪೈಪು 500 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 5 ಮಿ.ಮೀ. ಉದ್ದವಾಗುತ್ತದೆ. ಪ್ರತಿ ಸಲ ಕಾರು ಓಡಿಸಿದಾಗಲೂ ಹಿಗ್ಗುತ್ತದೆ, ನಿಲ್ಲಿಸಿದಾಗ ಕುಗ್ಗುತ್ತದೆ. ಆ 5 ಮಿ.ಮೀ. ಎಲ್ಲಾದರೂ ಹೋಗಬೇಕಲ್ಲ. ಕೆಳಗೆ ಒಳ್ಳೆಯ ಫ್ಲೆಕ್ಸಿಬಲ್ ಪೈಪು ಇಲ್ಲದಿದ್ದರೆ ಅದು ವೆಲ್ಡಿಂಗ್ ಮತ್ತು ಹೆಡರನ್ನು ಇಂಜಿನ್ನಿಗೆ ಹಿಡಿದ ಸ್ಟಡ್‌ಗಳ (ತಲೆಯಿಲ್ಲದ ಬೋಲ್ಟುಗಳ) ಮೇಲೆ ಹೋಗುತ್ತದೆ. ಹೆಡರ್ ಕೊಳ್ಳುವಾಗ ನಾನು ಮೊದಲು ನೋಡುವುದು ಫ್ಲೇಂಜ್, ಅಂದರೆ ಇಂಜಿನ್ನಿಗೆ ಬೋಲ್ಟ್ ಆಗುವ ಚಪ್ಪಟೆ ಭಾಗ. 8ರಿಂದ 10 ಮಿ.ಮೀ. ದಪ್ಪ ಇರಬೇಕು, ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ಕೆಳಗೆ ಬೆಳಕು ಕಾಣಬಾರದು. ತೆಳು ಫ್ಲೇಂಜ್ ಬಿಸಿಗೆ ಸೊಟ್ಟಗಾಗುತ್ತದೆ, ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ಸೋರುತ್ತದೆ.

ಮೈಲೇಜ್ ಬೀಳುವ ವಿಷಯಕ್ಕೆ ಬರುತ್ತೇನೆ. ಎಕ್ಸಾಸ್ಟ್‌ನಲ್ಲಿ ಆಕ್ಸಿಜನ್ ಸೆನ್ಸರ್ ಇದೆ. ಅದರ ಮುಂಚಿನ ಜಾಗದಲ್ಲಿ ಎಲ್ಲಾದರೂ ಸೋರಿದರೆ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಒಂದು ತುಂಡು ಹೊಗೆಗೂ ಮುಂದಿನದಕ್ಕೂ ನಡುವೆ ಹೊರಗಿನ ಗಾಳಿ ಒಳಗೂ ಬರುತ್ತದೆ. ಸೆನ್ಸರ್ ಆ ಗಾಳಿಯನ್ನು ನೋಡಿ, ಪೆಟ್ರೋಲ್ ಕಡಿಮೆಯಾಗಿದೆ ಅಂತ ಹೇಳುತ್ತದೆ. ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಹಾಕುತ್ತದೆ. ಈಗಿನ ಬಿರುಕಿನಿಂದ ನಿಮ್ಮ ಮೈಲೇಜ್ ಆಗಲೇ ಬಿದ್ದಿರಬಹುದು, ಗಮನಿಸಿ ನೋಡಿ. ಹೆಡರ್ ಹಾಕಿದರೂ ಸೆನ್ಸರ್ ಜಾಗ ನಾಲ್ಕೂ ಪೈಪು ಕೂಡಿದ ನಂತರವೇ ಇರಬೇಕು. ಒಂದು ಪೈಪಿಗೆ ಮಾತ್ರ ಸಿಕ್ಕಿಸಿದರೆ, ಒಂದು ಸಿಲಿಂಡರ್ ನೋಡಿ ನಾಲ್ಕಕ್ಕೂ ಪೆಟ್ರೋಲ್ ಅಳೆದ ಹಾಗಾಗುತ್ತದೆ.

ಹೊಗೆ ಶುದ್ಧ ಮಾಡುವ ಕ್ಯಾಟ್ ಕನ್ವರ್ಟರ್ ತೆಗೆಯಲು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಕೆಲವು ಹೆಡರ್‌ಗಳು ಅದನ್ನು ತೆಗೆದೇ ಕೂರುವ ಹಾಗೆ ಬರುತ್ತವೆ. ಕೊಳ್ಳುವ ಮುಂಚೆಯೇ ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಅಂತ ನೋಡಿಕೊಳ್ಳಿ. ಕ್ಯಾಟ್ ಇಲ್ಲದೆ ಎಮಿಷನ್ ಟೆಸ್ಟ್ ಪಾಸಾಗುವುದು ಕಷ್ಟ. ಮೋಟಾರು ವಾಹನ ಕಾಯಿದೆಯ 190(2)ನೇ ಕಲಂ ಪ್ರಕಾರ ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಲೈಸೆನ್ಸ್ ಕೂಡ ಮೂರು ತಿಂಗಳು ಅನರ್ಹ ಆಗಬಹುದು. ನಿಯಮಕ್ಕೆ ಹೊರತಾದ ಮಾರ್ಪಾಡಿಗೆ 182ಎ(4)ನೇ ಕಲಂ ಬೇರೆ ಇದೆ. ನಿಮ್ಮದು 2002ರ ಕಾರು. 15 ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. ಆರ್‌ಟಿಒದಲ್ಲಿ ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ನಿಲ್ಲಿಸಿದಾಗ ಬಾನೆಟ್ ತೆಗೆದು ನೋಡುತ್ತಾರೆ. ಆ ಹೊತ್ತಿಗೆ ಹಳೆಯ ಮ್ಯಾನಿಫೋಲ್ಡ್ ಹುಡುಕುವ ಹಾಗೆ ಆಗಬಾರದು.

ನಿಮ್ಮ ಜಾಗದಲ್ಲಿ ನಾನಿದ್ದರೆ

ಈ ವಾರವೇ ಪೂರ್ತಿ ಮೌಂಟಿಂಗ್ ಸೆಟ್ ಬದಲಿಸುತ್ತೇನೆ, ರಬ್ಬರಿನದೇ. ಬೆಲ್ಟ್ ಹಳೆಯದಾಗಿದ್ದರೆ ಅದನ್ನೂ. ಸೈಲೆನ್ಸರ್ ಹ್ಯಾಂಗರ್ ರಬ್ಬರ್‌ಗಳನ್ನೂ ಬದಲಿಸುತ್ತೇನೆ, ಅವು ಅಗ್ಗ. ಅದೇ ಸಲ ಬಿರುಕಿನ ಮ್ಯಾನಿಫೋಲ್ಡ್ ಬಿಚ್ಚಿ, ಬಿರುಕಿಲ್ಲದ ಒಂದು ಕಂಪನಿ ಮ್ಯಾನಿಫೋಲ್ಡ್ ಹಾಕುತ್ತೇನೆ. ಹೊಸದು ಸಿಗದಿದ್ದರೆ ಬಳಸಿದ್ದೂ ನಡೆಯುತ್ತದೆ. ಮೌಂಟಿಂಗ್ ಗುಜರಿಯಿಂದ ಬೇಡ ಅಂದೆ, ಮ್ಯಾನಿಫೋಲ್ಡ್ ಪರವಾಗಿಲ್ಲ. ಕಬ್ಬಿಣ ರಬ್ಬರಿನ ಹಾಗೆ ಸುಮ್ಮನೆ ಇದ್ದಲ್ಲೇ ಹಳಸುವುದಿಲ್ಲ. ಮುಖ ನುಣ್ಣಗೆ ಮಾಡಿಸಿ, ಬಿರುಕು ಪರೀಕ್ಷೆ ಮಾಡಿಸಿ ಹಾಕಿ.

ಮ್ಯಾನಿಫೋಲ್ಡ್ ಸಿಗಲೇ ಇಲ್ಲ ಅಂದರೆ ವೆಲ್ಡಿಂಗ್. ಬೀಡು ಕಬ್ಬಿಣವನ್ನು ಮಾಮೂಲಿ ರಾಡ್‌ನಲ್ಲಿ ಹೊಡೆದರೆ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಮೊದಲು ಬಿಸಿಮಾಡಿ, ನಿಕಲ್ ರಾಡ್ ಬಳಸಿ, ನಿಧಾನವಾಗಿ ತಣಿಸಬೇಕು. ಅದು ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಚೆನ್ನಾಗಿ ಮಾಡಿದರೂ ಅದನ್ನು ಒಂದೆರಡು ವರ್ಷದ ಪರಿಹಾರ ಅಂತಲೇ ಲೆಕ್ಕ ಹಾಕಿ.

ಹೆಡರ್ ಆಸೆ ಬಿಡಿ ಅಂತ ನಾನು ಹೇಳುವುದಿಲ್ಲ. ಆ ಇಂಜಿನ್ನಿನ ದನಿ ಯಾಕೆ ಇಷ್ಟವಾಗುತ್ತದೆ ಅಂತ ನನಗೆ ಗೊತ್ತು, ನನಗೂ ಇಷ್ಟ. ಮೌಂಟಿಂಗ್ ಹಾಕಿದ ಮೇಲೆ ಎರಡು ತಿಂಗಳು ಓಡಿಸಿ. ಸತ್ತ ಮೌಂಟಿಂಗ್, ಸೋರುವ ಮ್ಯಾನಿಫೋಲ್ಡ್ ಸರಿಯಾದ ಮೇಲೆ ಕಾರು ಬೇರೆಯೇ ಅನ್ನಿಸುತ್ತದೆ. ಆಗಲೂ ಬೇಕು ಅನ್ನಿಸಿದರೆ, ಕ್ಯಾಟ್ ಉಳಿಸಿಕೊಂಡು, ದಪ್ಪ ಫ್ಲೇಂಜಿನ, ಫ್ಲೆಕ್ಸಿಬಲ್ ಪೈಪಿರುವ 4-2-1 ಹೆಡರ್ ಹಾಕಿಸಿ. ಸೈಲೆನ್ಸರ್ ಕಂಪನಿಯದೇ ಇರಲಿ. ಹಳೆಯ ಮ್ಯಾನಿಫೋಲ್ಡ್ ಮನೆಯಲ್ಲಿ ಜೋಪಾನವಾಗಿಡಿ. ಇನ್ಶೂರೆನ್ಸ್ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ.

ಯಾವುದನ್ನು ಹಾಕಿದರೂ ಸ್ಟಡ್‌ಗಳ ವಿಷಯದಲ್ಲಿ ಅವಸರ ಬೇಡ. ಇಪ್ಪತ್ತು ವರ್ಷ ಬಿಸಿಯಲ್ಲಿ ಬೆಂದ ನಟ್ಟುಗಳು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ನಟ್ಟು ಹಟ ಹಿಡಿದರೆ ಸ್ವಲ್ಪ ಬಿಗಿದು, ಸ್ವಲ್ಪ ಸಡಿಲಿಸಿ, ಹಿಂದೆ ಮುಂದೆ ಆಡಿಸಿ ತೆಗೆಯಬೇಕು. ಸ್ಟಡ್ ಇಂಜಿನ್ ಹೆಡ್ಡಿನೊಳಗೆ ಮುರಿದರೆ ಅರ್ಧ ದಿನದ ಕೆಲಸ ಮೂರು ದಿನ ಆಗುತ್ತದೆ. ಹೊಸ ಸ್ಟಡ್, ಹೊಸ ನಟ್ಟು, ಪದರಗಳಿರುವ ಉಕ್ಕಿನ ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ. ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು.

ಮೊದಲ 200–300 ಕಿ.ಮೀ. ಊರಿನಲ್ಲೇ ಓಡಿಸಿ. ಆಮೇಲೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿ ನೋಡಿಸಿ, ಜಾಯಿಂಟುಗಳ ಸುತ್ತ ಕಪ್ಪು ಮಸಿ ಕಟ್ಟಿದೆಯಾ ಅಂತ ನೋಡಿಸಿ. ಮರುದಿನ ಬೆಳಿಗ್ಗೆ ಬಾನೆಟ್ ತೆಗೆದು ಸ್ಟಾರ್ಟ್ ಮಾಡಿ, ಪಕ್ಕದಲ್ಲಿ ನಿಂತು ಐದು ನಿಮಿಷ ಕೇಳಿ. ಟಿಕ್ ಟಿಕ್ ಇಲ್ಲ ಅಂದರೆ ಘಾಟಿ ಇಳಿಯಬಹುದು.